ಮಾವನ ಸ್ಕೂಟರಿಗೆ ರಿವರ್ಸು

ಇಷ್ಟಕ್ಕೆಲ್ಲ ಮೂಲ ರಿಪೇರಿರಾಯರ ಬೆಳಗಿನ ನಿದ್ದೆ. ಮಾವನವರ ಮೂರು ಗಾಲಿಯ ಸ್ಕೂಟರಿಗೆ ಹಿಂದೆ ಹೋಗುವ ವಿದ್ಯೆ ಗೊತ್ತಿರಲಿಲ್ಲ. ಮನೆಯೋ ಗಾಡಿ ತಿರುಗಿಸಲು ಜಾಗವಿಲ್ಲದ ಗಲ್ಲಿಯ ಕೊನೆಯಲ್ಲಿ. ಮಾವನವರಿಗೆ ಮಂಡಿನೋವು. ಹಾಗಾಗಿ ದಿನಾ ಆರು ಗಂಟೆಗೆ ರಾಯರೇ ಎದ್ದು, ಮಾರ್ಕೆಟ್ಟಿಗೆ ಹೊರಟ ಮಾವನ ಸಮೇತ ಸ್ಕೂಟರನ್ನು ಗಲ್ಲಿಯ ಬಾಯಿಯವರೆಗೆ ಹಿಂದಕ್ಕೆಳೆದು ಬಿಟ್ಟು ಬಂದು ಮತ್ತೆ ಮಲಗಬೇಕಿತ್ತು.

ಗಲ್ಲಿಯವರ ಮಿಕ್ಸಿ, ಫ್ಯಾನುಗಳನ್ನೆಲ್ಲ ಬಿಚ್ಚಿ, ಅವುಗಳಲ್ಲಿ ಕೆಲವನ್ನು ಮತ್ತೆ ಜೋಡಿಸಿಕೊಟ್ಟ ಅನುಭವ ರಾಯರದು. ಸ್ಕೂಟರಿಗೊಂದು ಮೋಟರು ಕೂರಿಸಿ, ಗುಂಡಿ ಒತ್ತಿದರೆ ಹಿಂದೆ ಹೋಗುವಂತೆ ಮಾಡಿಯೇಬಿಟ್ಟರು. ವಾಹನ ತಪಾಸಣೆಯ ಅಧಿಕಾರಿ ಒಪ್ಪಬೇಕಲ್ಲ!

"ನ್ಯೂಟ್ರಲ್‌ನಲ್ಲಿದ್ರೆ ಮಾತ್ರ ಮೋಟರ್ ತಿರುಗ್ಬೇಕು. ರಿಲೇ ಹಾಕ್ಕೊಂಡು ನಾಲ್ಕು ಗಂಟೆಗೆ ಬನ್ನಿ. ಇಲ್ಲಾಂದ್ರೆ ಮೋಟರ್ ಬಿಚ್ಚಿಡಿ."

ರಿಲೇ ಎಂದರೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ. ಸಣ್ಣ ಕರೆಂಟು ಬಂದು ತಟ್ಟಿದರೆ 'ಟಕ್' ಎಂದು ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ಅದರಲ್ಲಿ, ತಟ್ಟಿದಾಗ ತೆರೆಯುವ ದಾರಿ ಒಂದು, ತಟ್ಟದಿದ್ದಾಗ ತೆರೆದಿರುವ ದಾರಿ ಇನ್ನೊಂದು. ರಾಯರು ಧೈರ್ಯವಾಗಿ ಇನ್ನೊಂದಕ್ಕೇ ತಂತಿ ಸೇರಿಸಿದರು.

ಪಕ್ಕದಲ್ಲಿ ನಿಂತು ಕೀಲಿ ತಿರುಗಿಸಿದ್ದೇ ತಡ, ಗುಂಡಿ ಮುಟ್ಟುವ ಮೊದಲೇ ಸ್ಕೂಟರು ಹಿಂದಕ್ಕೆ ಹೊರಟಿತು. ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ. ಬೆರಳು ಚಾಚಿಕೊಂಡು ರಾಯರು ಬೆನ್ನಟ್ಟಿದರು. ಅದು ನೆಟ್ಟಗೆ ಹೋಗಿ ಟೈಲರ್ ಅಂಗಡಿಯ ಇಸ್ತ್ರಿ ಮೇಜಿಗೆ ಒರಗಿ ನಿಂತಿತು.

"ರಾಯ್ರೇ, ಮೇಲೆ ಒಂದು ನರಪಿಳ್ಳೆ ಇಲ್ದೆ ಹೋಗ್ತಿದೆಯಲ್ರೀ! ಯಾರಾದ್ರೂ ಕೂತಿದ್ರೆ ಮಾತ್ರ ಹೋಗೋ ಹಾಗೆ ಮಾಡಿ," ಎಂದ ಟೈಲರ್, ಪ್ಯಾಂಟೊಂದರ ಸುಟ್ಟ ಕಾಲನ್ನು ಎತ್ತಿ ಹಿಡಿದು.

ಬಿಟ್ಟಿ ಸಲಹೆಗಳಲ್ಲಿ ರಾಯರು ಜನ್ಮದಲ್ಲಿ ಪಾಲಿಸಿದ್ದು ಇದೊಂದನ್ನೇ. ತಂತಿ ಬದಲಿಸಿದರು. ಸೀಟಿನಡಿ ಒಂದು ಸ್ವಿಚ್ಚು, ಅದಕ್ಕೆ ಹಳೇ ತೂಕದ ಯಂತ್ರದ ಸ್ಪ್ರಿಂಗು. ತಾವೇ ಕೂತು, ಎದ್ದು, ಬಿಗಿ ಮಾಡಿ, ಮತ್ತೆ ಕೂತು ಪರೀಕ್ಷಿಸಿದರು. ಎಲ್ಲ ಸಾಂಗವಾಗಿ ನಡೆಯಿತು. ತಮ್ಮ ಬುದ್ಧಿಗೆ ತಾವೇ ತಲೆದೂಗಿದರು. ಬೇರೆ ಯಾರೂ ತೂಗುವಂತಿರಲಿಲ್ಲ.

ನಾಲ್ಕು ಗಂಟೆಗೆ ಅಧಿಕಾರಿಯ ಮುಂದೆ ರಾಯರೇ ಓಡಿಸಿ ತೋರಿಸಿದರು. ಗೇರಿನಲ್ಲಿದ್ದರೆ ಮೋಟರು ಮಿಸುಕಲಿಲ್ಲ. ಸೀಟಿನಿಂದೆದ್ದರೂ ಮಿಸುಕಲಿಲ್ಲ.

"ಸೀಟಿಗೂ ಸ್ವಿಚ್ಚಾ? ಭೇಷ್!" ಅಧಿಕಾರಿ ರಿಲೇ ಪೆಟ್ಟಿಗೆಗೂ ಸೀಟಿಗೂ ಸೀಲು ಒತ್ತಿದರು. "ಇನ್ನು ಒಂದು ಸ್ಕ್ರೂ ಮುಟ್ಟಿದ್ರೂ ಒಪ್ಪಿಗೆ ರದ್ದು, ನೆನಪಿರ್ಲಿ."

ಮರುದಿನ ಆರಕ್ಕೆ ರಾಯರು ಹೊದಿಕೆಯೊಳಗೆ ಕಾಲು ಚಾಚಿ ನಗುತ್ತಿದ್ದಾಗ ಮಾವನವರ ಕೂಗು ಕೇಳಿಸಿತು.

"ಅಳಿಯಂದ್ರೇ, ಇದು ಹೋಗ್ತಾನೇ ಇಲ್ಲ!"

ರಾಯರು ಓಡಿಬಂದರು. ನ್ಯೂಟ್ರಲ್ ಸರಿಯಿದೆ, ಗುಂಡಿ ಸರಿಯಿದೆ. ಸೀಟಿನ ಮೇಲಿದ್ದ ಮಾವನವರು ಮಾತ್ರ ನಲವತ್ತೈದು ಕಿಲೋ. ಸ್ಪ್ರಿಂಗು ಬಿಗಿಯಾಗಿದ್ದು ತೊಂಬತ್ತು ಕಿಲೋದ ರಾಯರಿಗೆ.

ಸೀಲು ಮುಟ್ಟುವಂತಿಲ್ಲ; ತಾವೇ ಹಿಂದೆ ಹತ್ತಿ ಕೂತರು. 'ಟಕ್' ಎಂದಿತು, ಸ್ಕೂಟರು ಬೆಣ್ಣೆಯಂತೆ ಹಿಂದೆ ಸರಿಯಿತು.

"ಮಾವಾ, ಗಲ್ಲಿ ದಾಟಿದ್ಮೇಲೆ ಇಳೀತೀನಿ."

"ಇಳಿದು ಹೋಗೋದೆಲ್ಲಿಗೆ? ಮಾರ್ಕೆಟ್ಟಲ್ಲೂ ಹಿಂದೆ ತಗೋಬೇಕಲ್ಲ. ಕೂತೇ ಇರಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಾಬರಿಯಿಂದ ಕೂಗಿದಳು: "ರೀ, ಹೊಟ್ಟೆ ತುಂಬ ತಿಂಡಿ ತಿನ್ನಿ! ನಿಮ್ಮ ತೂಕ ಇಳಿದುಹೋದ್ರೆ ಅಪ್ಪ ಅಲ್ಲೇ ಸಿಕ್ಕಾಕ್ಕೋತಾರೆ!"