ಬಾಗಿಲ ಬಳಿಯ ನೀಲಿ ಚೀಲ

ನನ್ನ ಬಲಗಾಲಿನ ಕಿರುಬೆರಳು ಈಗ ಈಶಾನ್ಯಕ್ಕೆ ಮುಖ ಮಾಡಿಕೊಂಡಿದೆ. ಹುಟ್ಟುವಾಗ ಅದೂ ನಿಮ್ಮ ಬೆರಳಿನಂತೆ ನೆಟ್ಟಗೇ ಇತ್ತು. ಎರಡು ವರ್ಷ ನಮ್ಮ ಬಾಗಿಲ ಬಳಿ ಠಿಕಾಣಿ ಹೂಡಿದ್ದ ಒಂದು ನೀಲಿ ಚೀಲಕ್ಕೆ ದಿನಕ್ಕೆರಡು ಸಲ ಎಡವಿ ಎಡವಿ ಈ ಗತಿ ಬಂದಿತು.

ಚೀಲವನ್ನು ಅಲ್ಲಿಟ್ಟವನು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇರಾನಿನ ತಬ್ರೀಜ್ ಊರಿನ ಹೈಸ್ಕೂಲಿನಲ್ಲಿ ನಾನು ಭೂಗೋಳದ ಮೇಷ್ಟ್ರು. ಊರಿನ ಉತ್ತರಕ್ಕೆ ಭೂಮಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದೇನೆ. ಮದುವೆಯಾಗಿ ಹದಿನೈದು ವರ್ಷಕ್ಕೆ ಹೆಂಡತಿ ಸೆವಿಲ್ ಬಸುರಿಯಾದಳು ನೋಡಿ, ಆ ಭೂಗೋಳವೆಲ್ಲ ಒಮ್ಮೆಲೇ ನೆತ್ತಿಗೇರಿತು. ಭೂಕಂಪವಾದರೆ ಹಸುಗೂಸಿನ ಗತಿಯೇನು? ಒಂದೇ ವಾರದಲ್ಲಿ ನನ್ನ 'ಮಹಾ ಸನ್ನದ್ಧತಾ ಯೋಜನೆ' ಸಿದ್ಧವಾಯಿತು. ಹಾಲುಪುಡಿಯ ಡಬ್ಬಿ, ಬಾಟಲಿ, ಡಯಾಪರು, ಉಣ್ಣೆ ಟೋಪಿ, ಕಂಬಳಿ, ಟಾರ್ಚು. ಮಣ್ಣಿನಡಿ ಸಿಕ್ಕಿಕೊಂಡರೆ ಊದಲಿಕ್ಕೆ ಒಂದು ಸೀಟಿ.

"ಸೀಟಿ ಊದೋದ್ಯಾರು? ಕೂಸಾ?" ಅಂದಳು ಸೆವಿಲ್.

"ನಾನು."

"ಎರಡು ಮೆಟ್ಟಿಲು ಹತ್ತಿದ್ರೆ ಉಸಿರಿರಲ್ಲ ನಿಮಗೆ. ಊದ್ತಾರಂತೆ ಮೇಷ್ಟ್ರು!"

ಭೂಮಿ ಕದಲಲಿಲ್ಲ. ಮಗಳು ಎಂಟನೇ ತಿಂಗಳಿಗೇ ಹುಟ್ಟಿ, ಎರಡು ದಿನ ಇದ್ದು, ಹೋದಳು. ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಹೆಸರಿಟ್ಟಿದ್ದೆವು, ಅದು ನಮ್ಮಿಬ್ಬರಲ್ಲೇ ಇರಲಿ. ನಾನು ಅಷ್ಟು ಮುತುವರ್ಜಿಯಿಂದ ಮಾಡಿದ ಪಟ್ಟಿಯಲ್ಲಿ ಇದಕ್ಕೆ ಬೇಕಾದ ಸಾಮಾನು ಒಂದೂ ಇರಲಿಲ್ಲ.

ಚೀಲ ಉಳಿಯಿತು. "ಯಾರಿಗಾದ್ರೂ ಕೊಟ್ಬಿಡೋಣ" ಎಂದೆ ಒಮ್ಮೆ.

"ಅದರ ಜಿಪ್ಪು ಮುಟ್ಟಿದ ದಿನ ನಾನು ಈ ಮನೇಲಿರಲ್ಲ" ಅಂದಳು.

ಅವತ್ತಿನಿಂದ ದಿನಾ ಎಡವಿದೆ, ದಿನಾ ಗರ್ಜಿಸಿದೆ: "ಈ ದರಿದ್ರ ಚೀಲ ನಾಳೆ ಕಸಕ್ಕೆ!" (ಗರ್ಜನೆಯನ್ನು ನಂಬಬೇಡಿ. ಹಾಲುಪುಡಿಗೆ ಒಂದು ಅವಧಿ ಇರುತ್ತದಲ್ಲ, ಅದು ಮುಗಿಯುವ ಮುಂಚೆ, ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ, ಹೊಸ ಡಬ್ಬಿ ತಂದಿಡುತ್ತಿದ್ದ ಕಳ್ಳ ನಾನೇ. ಯಾಕೆ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ.) ಔಷಧಿ ಅಂಗಡಿಯವನು ಪ್ರತಿ ಸಲವೂ "ಮಗು ಹೇಗಿದೆ, ಮೇಷ್ಟ್ರೇ?" ಎನ್ನುತ್ತಿದ್ದ. ನಮ್ಮೂರಿನಲ್ಲಿ ಅದಕ್ಕೆ ಉತ್ತರ ಒಂದೇ, ನಾಲಿಗೆಯಿಂದ ತಾನಾಗಿ ಉದುರುತ್ತದೆ: "ನಿಮ್ಮ ಕೈಗೆ ಮುತ್ತಿಡ್ತಾಳೆ." ಅಷ್ಟು ಹೇಳಿ ಡಬ್ಬಿಯನ್ನು ಕೋಟಿನೊಳಗೆ ಅಡಗಿಸಿಕೊಂಡು ಬಂದುಬಿಡುತ್ತಿದ್ದೆ.

ನಾಲಿಗೆಯ ಈ ಉಪಚಾರವೇ ಕೊನೆಗೆ ನನ್ನನ್ನು ಮುಳುಗಿಸಿದ್ದು.

ಹೋದ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮೇಲಿನ ದೀಪ ತೂಗಿತು, ಕಿಟಕಿಯ ಗಾಜು ಗಲಗಲ ಎಂದಿತು. "ಮೇಜಿನ ಕೆಳಗೆ ಕೂರಬೇಕು, ಓಡಬಾರದು" ಎಂದು ಸಾವಿರಾರು ಮಕ್ಕಳಿಗೆ ಬೋಧಿಸಿದ ಈ ಭೂಗೋಳ ಪಂಡಿತ ಕೋಫ್ತೆಯ ತಟ್ಟೆ ಹಿಡಿದು ಮೆಟ್ಟಿಲಿಳಿದು ಓಡಿದ. ಸೆವಿಲ್ ಒಡವೆ ತರಲಿಲ್ಲ, ಮನೆಪತ್ರ ತರಲಿಲ್ಲ. ನೀಲಿ ಚೀಲ ತಂದಳು.

ಇಡೀ ಬೀದಿ ಎದುರಿನ ಪಾರ್ಕಿನಲ್ಲಿ ನಡುಗುತ್ತ ನಿಂತಿತ್ತು. ಮತ್ತೆ ಮತ್ತೆ ಸಣ್ಣಗೆ ಅದುರುತ್ತಿದ್ದುದರಿಂದ ಯಾರಿಗೂ ವಾಪಸು ಹತ್ತುವ ಧೈರ್ಯವಿಲ್ಲ. ನಾವು ಒಂದು ಬೆಂಚಿನ ಮೇಲೆ ಕೂತಿದ್ದೆವು, ನಡುವೆ ಚೀಲ, ಚೀಲದ ಮೇಲೆ ಸೆವಿಲ್‌ಳ ಕೈ. ಮೂರನೇ ಮಹಡಿಯ ಯಾಶಾರ್ ಬರಿಗಾಲಲ್ಲಿ ಬಂದ. ಅವನ ಹೆಂಡತಿ ಹಿಂದೆ ಹುಲ್ಲಿನ ಮೇಲೆ ಹನ್ನೊಂದು ದಿನದ ಕೂಸು ಹಿಡಿದು ಕೂತಿದ್ದಳು. ಗಾಬರಿಗೆ ಅವಳ ಹಾಲು ನಿಂತುಹೋಗಿ, ಕೂಸು ಒಂದೇ ಸಮನೆ ಕಿರುಚುತ್ತಿತ್ತು.

"ಎಲ್ಲಾ ತಯಾರಿ ಮಾಡ್ಕೊಂಡೇ ಬಂದಿದೀರಿ, ಮೇಷ್ಟ್ರೇ" ಅಂದ. "ಒಳ್ಳೇ ಚೀಲ."

ನಮ್ಮಲ್ಲಿ ಯಾರಾದರೂ ನಿಮ್ಮ ವಸ್ತುವನ್ನು ಹೊಗಳಿದರೆ "ನಿಮ್ಮದೇ, ತಗೊಳ್ಳಿ" ಅನ್ನಬೇಕು. ಹೊಗಳಿದವರು ಮೂರು ಸಲ "ಛೆ, ಎಲ್ಲಾದ್ರೂ ಉಂಟೇ" ಅನ್ನಬೇಕು. ಈ ಭರವಸೆಯಿಂದಲೇ ಊರಿನ ಸಾಮಾನೆಲ್ಲ ಇನ್ನೂ ಅವರವರ ಮನೆಯಲ್ಲಿದೆ.

"ನಿಮ್ಮದೇ ಅಂದ್ಕೊಳ್ಳಿ, ತಗೊಳ್ಳಿ" ಅಂದೆ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅಂದವನೇ ಎತ್ತಿಕೊಂಡು ನಡೆದ. ಒಂದು ಸಲವೂ ಬೇಡ ಅನ್ನಲಿಲ್ಲ!

ಸೆವಿಲ್‌ಳ ಕೈ ಗಾಳಿಯಲ್ಲೇ ಉಳಿಯಿತು. ಹತ್ತು ಹೆಜ್ಜೆಯಾಚೆ ಒಂದು ಕೂಸು ಹಸಿದು ಅಳುತ್ತಿದೆ, ನನ್ನ ಪಕ್ಕದಲ್ಲೇ ಹಾಲಿನ ಡಬ್ಬಿಯಿದೆ, ಆದರೂ ನಾನು ಬರೀ ಬಾಯುಪಚಾರಕ್ಕೆ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳು ಎದ್ದು ನೇರವಾಗಿ ಅವರ ಕಡೆಗೇ ಹೋಗುತ್ತಿದ್ದಳು.

"ಕೊಡಿ ಇಲ್ಲಿ" ಅಂದಳು. ನಾನು ಹಿಂದೆಯೇ ಓಡಿ, ಕಣ್ಣು ಮುಚ್ಚಿಕೊಂಡು ನಿಂತೆ. ಜಿಪ್ಪು ಬಿಚ್ಚಿದ ಸದ್ದು ಕೇಳಿಸಿತು.

ಕಣ್ಣು ಬಿಟ್ಟರೆ ಸೆವಿಲ್ ಹುಲ್ಲಿನ ಮೇಲೆ ಕೂತು ಡಬ್ಬಿ ತಿರುಗಿಸಿ ತಳದ ತಾರೀಖು ಓದುತ್ತಿದ್ದಳು. ನನ್ನ ಕಡೆ ನೋಡದೆ ಹೇಳಿದಳು: "ಹೋದ ತಿಂಗಳು ಔಷಧಿ ಅಂಗಡಿಯವನು ನನ್ನ ಕೇಳ್ದ, ಮಗಳು ಈಗ ನಡೀತಾಳಾ ಅಂತ."

ಕೋಫ್ತೆಯ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. "ಏನಂದೆ?"

"ನಡೀತಾಳೆ ಅಂದೆ."

ಯಾರೋ ಚಹಾದ ನೀರು ಕಾಯಿಸುವ ಸಮೋವಾರವನ್ನೇ ಹೊತ್ತು ತಂದಿದ್ದರು, ಬಿಸಿನೀರು ಸಿಕ್ಕಿತು. ಸೆವಿಲ್ ಚಮಚ ಎಣಿಸಿ ಎಣಿಸಿ ಹಾಕಿದಳು. "ಆ ತಟ್ಟೆ ಕೆಳಗಿಟ್ಟು ಬಾಟಲಿ ಹಿಡೀರಿ, ಮೇಷ್ಟ್ರೇ. ಅಳೋದು ಆಮೇಲೆ."

ಕೂಸು ಕುಡಿದು ಸುಮ್ಮನಾಯಿತು. ಉಣ್ಣೆ ಟೋಪಿ ಅದರ ತಲೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅದನ್ನು ಮಾತ್ರ ನೋಡಲಾರದೆ ನಾವಿಬ್ಬರೂ ಬೇರೆ ಬೇರೆ ಮರಗಳನ್ನು ನೋಡಿದೆವು. ಕೊನೆಗೆ ಅವಳು ಚೀಲದಿಂದ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದಳು. "ಇದೊಂದು ನಿಮಗೆ."

ಮೂರನೇ ದಿನ ಯಾಶಾರ್ ಚೀಲ ಹಿಂದಿರುಗಿಸಲು ಬಂದ. ಖಾಲಿ ತಂದಿರಲಿಲ್ಲ; ಅಕ್ರೋಡು, ಅವನ ತಾಯಿ ಕಲಸಿದ ಹಲ್ವಾ, ತುಂಬಿ ತುಳುಕುತ್ತಿತ್ತು. ಹಾಳು ನಾಲಿಗೆ! "ಇರಲಿ ಬಿಡಿ, ನಿಮ್ಮದೇ" ಅಂದೆ.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅಂದವನೇ ಚೀಲ, ಅಕ್ರೋಡು, ಹಲ್ವಾ ಸಮೇತ ಮೆಟ್ಟಿಲಿಳಿದ.

ನಿನ್ನೆ ಸಂಜೆ ರೊಟ್ಟಿ ಹಿಡಿದು ಮನೆಗೆ ಬಂದವನು ಬಾಗಿಲಲ್ಲಿ ರೂಢಿಯಂತೆ ಕಾಲನ್ನು ಎತ್ತರಕ್ಕೆ ಎತ್ತಿ ದಾಟಿದೆ. ದಾಟಲು ಅಲ್ಲೇನೂ ಇರಲಿಲ್ಲ. ಆಯ ತಪ್ಪಿ ಬಾಗಿಲ ಚೌಕಟ್ಟಿಗೆ ಹೋಗಿ ಬಡಿದೆ, ಅದೇ ಕಿರುಬೆರಳು.

"ಚೀಲಕ್ಕೆ ಎಡವಿದ್ರಾ?" ಒಳಗಿನಿಂದ ಕೇಳಿದಳು ಸೆವಿಲ್.

"ಹೂಂ" ಅಂದೆ.

"ನಾನೂ" ಅಂದಳು. "ಬೆಳಿಗ್ಗೆ."