ಹಾರಕ್ಕೊಂದು ಮುಖ

ಸಾಯುವುದಕ್ಕೆ ಇಷ್ಟು ಮುತುವರ್ಜಿಯಿಂದ ತಯಾರಾದ ಆರೋಗ್ಯವಂತ ಮನುಷ್ಯ ಜಗತ್ತಿನಲ್ಲಿ ನಮ್ಮ ಚಿಕ್ಕಪ್ಪನೊಬ್ಬನೇ ಇರಬೇಕು! ಬಿಪಿ ಇಲ್ಲ, ಶುಗರ್ ಇಲ್ಲ, ಎರಡು ಮುದ್ದೆಗೆ ಕಡಿಮೆ ಉಂಡವನಲ್ಲ. ಆದರೂ ಲಾರಿ ಓಡಿಸುವುದನ್ನು ಬಿಟ್ಟು ತೆರಕಣಾಂಬಿಯ ಮನೆಯಲ್ಲಿ ಕೂತ ಮೇಲೆ ಅವನಿಗೆ ಒಂದೇ ಚಿಂತೆ. ತಾನು ಸತ್ತರೆ ಗೋಡೆಗೆ ಯಾವ ಫೋಟೋ ಹಾಕುತ್ತಾರೆ?

ಈ ಚಿಂತೆಗೆ ಕಾರಣ ನಮ್ಮಪ್ಪ. ಅಪ್ಪ ಹೋದಾಗ ಮನೆಯಲ್ಲಿ ಒಂದೂ ಫೋಟೋ ಸಿಗದೆ, ಆಧಾರ್ ಕಾರ್ಡಿನಲ್ಲಿದ್ದುದನ್ನೇ ಗುಂಡ್ಲುಪೇಟೆಯಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದೆವು. ಪೊಲೀಸರು ಹಿಡಿದು ನಿಲ್ಲಿಸಿದಂಥ ಮುಖ! ಅವ್ವ ದಿನಾ ಅದಕ್ಕೆ ಹೂ ಹಾಕುತ್ತಾಳೆ, ಆದರೆ ತಲೆಯೆತ್ತಿ ನೋಡುವುದಿಲ್ಲ. "ಇದು ಅವ್ರಲ್ಲ ಕಣಪ್ಪ" ಅನ್ನುತ್ತಾಳೆ.

"ನಮ್ಮಣ್ಣನ್ ಗತಿ ನಂಗ್ ಬ್ಯಾಡ ಕಣ್ಲಾ," ಎಂದ ಚಿಕ್ಕಪ್ಪ. "ನನ್ ಮೊಕ ನಾನೇ ಬರ್ಕೊಬುಡ್ತೀನಿ. ಆಯಿಲ್ ಪೇಂಟಿಂಗು!"

"ಸ್ಟುಡಿಯೋಗೋಗಿ ಒಂದ್ ಫೋಟೋ ತೆಗಿಸ್ಕೊಂಡ್ರೆ ಆಗಲ್ವಾ?"

"ಕ್ಯಾಮ್ರಾ ಕಂಡ್ರೆ ಮೊಕ ಗಂಟಾಯ್ತದೆ ಕಣ. ಕನ್ನಡಿ ಮುಂದೆ ಅಂಗಾಗಲ್ಲ."

ಜೀವಮಾನವೆಲ್ಲ ಕನ್ನಡಿಯಲ್ಲಿ ಹಿಂದಿನ ಬಸ್ಸನ್ನಷ್ಟೇ ನೋಡಿದವನು ಮೊದಲ ಬಾರಿಗೆ ತನ್ನನ್ನೇ ನೋಡಿಕೊಳ್ಳಲು ಕೂತ. ಯಾವ ಕನ್ನಡಿ ಅಂತೀರಿ? ಹಳೇ ಲಾರಿಯ ಬಾಗಿಲ ಪಕ್ಕ ಇರುತ್ತಿತ್ತಲ್ಲ, ಆ ಉಬ್ಬುಗನ್ನಡಿ! ಕೊನೆಗೆ ಮೂಡಿದ್ದು ಒಂದು ಮೂಗು. ಅದರ ಹಿಂದೆ, ಬಹಳ ದೂರದಲ್ಲಿ, ಎರಡು ಕಿವಿ. ಚಿಕ್ಕಮ್ಮ ಇಣುಕಿ, "ಗಣೇಶನ್ ಹಬ್ಬ ಇನ್ನೂ ದೂರ ಅದಲ್ಲ?" ಎಂದಳು. ಅವತ್ತೇ ಕನ್ನಡಿ ಬದಲಾಯಿತು.

ಪಾಠವೆಲ್ಲ ಮೊಬೈಲಿನಲ್ಲಿ. ಮೇಷ್ಟ್ರು ಇಂಗ್ಲಿಷಿನವರು. ಮಾತು ತಿಳಿಯದಿದ್ದರೇನು, ಕೈ ನೋಡಿದರೆ ಸಾಲದೇ? ಮೇಷ್ಟ್ರು ಬಣ್ಣಕ್ಕೆ ಹಳದಿ ಎಣ್ಣೆ ಬೆರೆಸಿದರು. ನಮ್ಮವನು ನೆಟ್ಟಗೆ ಅಡುಗೆಮನೆಗೆ ಹೋಗಿ ಗಾಣದ ಕಡ್ಲೆಕಾಯಿ ಎಣ್ಣೆ ತಂದು ಬೆರೆಸಿದ. ಮುಖ ಒಣಗಲೇ ಇಲ್ಲ! ಬಿಸಿಲಿಗಿಟ್ಟರೆ ಗಲ್ಲ ಜಾರಿ ಕುತ್ತಿಗೆಗೆ ಬಂತು. ಮೀಸೆಗುಂಟ ಇರುವೆ ಸಾಲುಗಟ್ಟಿದವು. ಚಾಮರಾಜನಗರದ ಬಣ್ಣದಂಗಡಿಯ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಅಗಸೆ ಎಣ್ಣೆ ಹಾಕ್ಬೇಕು ಅಣ್ಣಾ! ಇದ್ರಲ್ಲಿ ಬೋಂಡಾ ಬೇಯ್ತದೆ, ಮುಖ ಒಣಗಲ್ಲ."

ಅಂತೂ ಯುಗಾದಿ ಹೊತ್ತಿಗೆ ಚಿತ್ರ ಮುಗಿಯಿತು. ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಉಡಿಗಾಲದ ನಮ್ಮ ಮನೆಗೆ ತೋರಿಸಲು ತಂದ. ಒಪ್ಪಲೇಬೇಕು, ಈ ಸಲ ಮನುಷ್ಯನ ಮುಖವೇ ಬಂದಿತ್ತು! ಆದರೆ ನಾನು ಬಿಡಬೇಕಲ್ಲ?

"ಚಿಕ್ಕಪ್ಪ, ನಿನ್ ಮಚ್ಚೆ ಇರೋದು ಎಡಗೆನ್ನೇಲಿ. ಇದ್ರಲ್ಲಿ ಬಲಗೆನ್ನೆಗೆ ಓಗ್ಬುಟ್ಟದಲ್ಲ!"

ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆದಿದ್ದ. "ಥತ್ತೇರಿ!" ಎಂದು ಹಣೆ ಚಚ್ಚಿಕೊಂಡ. ನಾನು ಬಿದ್ದು ಬಿದ್ದು ನಕ್ಕೆ.

ಅವ್ವ ನಗಲಿಲ್ಲ. ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತು, ಸೆರಗು ಸರಿಮಾಡಿಕೊಂಡಳು.

"ನಿಮ್ಮಪ್ಪ ಕಣ್ ಮಗ," ಎಂದಳು.

ನಾನು ಚಿತ್ರದ ಹತ್ತಿರ ಹೋಗಿ ಮತ್ತೆ ನೋಡಿದೆ. ಅಣ್ಣತಮ್ಮಂದಿರದು ಒಂದೇ ಅಚ್ಚು. ಅಪ್ಪನ ಮಚ್ಚೆ ಇದ್ದದ್ದು ಬಲಗೆನ್ನೆಯಲ್ಲಿ! ಉಂಡು ಜಗಲಿಯಲ್ಲಿ ಕೂತಾಗ ಅಪ್ಪ ಥೇಟ್ ಹೀಗೇ ಕಾಣುತ್ತಿದ್ದ. ಎಷ್ಟು ದಿನದ ಮೇಲೆ ನೋಡಿದೆನೋ, ಅಳು ತಡೆಯಲಾಗಲಿಲ್ಲ.

ಚಿಕ್ಕಪ್ಪ ಅವ್ವನ ಮುಖ ನೋಡಿದ. ಆಮೇಲೆ ಸ್ಟೂಲು ಹತ್ತಿ, ಆಧಾರ್ ಫೋಟೋ ಇಳಿಸಿ, ಆ ಮೊಳೆಗೆ ತನ್ನ ಚಿತ್ರ ನೇತುಹಾಕಿದ. ಅವ್ವ ಹಾರ ಹಾಕಿ, ತಲೆಯೆತ್ತಿ ನೋಡಿದಳು.

"ಮತ್ತೆ ನಿಂಗೆ?" ಎಂದೆ.

ತನ್ನ ಮುಖಕ್ಕೇ ಬಿದ್ದ ಹಾರವನ್ನು ನೋಡುತ್ತಾ ಚಿಕ್ಕಪ್ಪ ಸ್ಟೂಲಿನಿಂದ ಇಳಿದ.

"ಬುಡ್ಲಾ, ನಂಗ್ ಆಧಾರ್ ಕಾರ್ಡಿಂದೇ ಸಾಕು."