ಗುಡಿವಾಡದ ಅಜ್ಜಿಯ ಕಾಗದ

ಕಜೆಟನ್: ಇದು ಪರೀಕ್ಷೆಯೇ ಗ್ಲ್ಯಾಡಿಸ್. ಕಾಗದ ಅವನ ಅಜ್ಜಿಯದ್ದು, ಭಾಷೆ ಅವನದ್ದು. ಮತ್ತೆ ನನ್ನ ಕೈಯಲ್ಲಿ ಯಾಕೆ ಓದಿಸುವುದು?

ಗ್ಲ್ಯಾಡಿಸ್: ತೆಲುಗು ನೀರು ಕುಡಿದ ಹಾಗೆ ಬರುತ್ತದೆ ಅಂತ ಹೇಳಿದ್ದು ಯಾರು, ನಾನಾ?

ಹೇಳಿದ್ದು ಅವಳ ಗಂಡ ಕಜೆಟನ್ನರೇ. ಮಣಿಪಾಲಕ್ಕೆ ಡಾಕ್ಟರಿಕೆ ಓದಲು ಆಂಧ್ರದ ಹುಡುಗರು ಹಿಂಡುಹಿಂಡಾಗಿ ಬರತೊಡಗಿದ್ದ ಕಾಲ ಅದು. ಹತ್ತಿರದ ಪರ್ಕಳದಲ್ಲಿ ಬಾಡಿಗೆಗೆ ಕೋಣೆ ಹುಡುಕುತ್ತಿದ್ದ ವೆಂಕಟರತ್ನಂ ಪಕ್ಕದ ಮನೆಯ ಮೆಟ್ಟಿಲು ಹತ್ತುವ ಮೊದಲೇ ಅವನನ್ನು ತಡೆದು, ನಮ್ಮಲ್ಲಿ ತೆಲುಗೂ ಉಂಟು ಎಂದು ಒಳಗೆ ಕರೆದಿದ್ದರು. ಮದ್ರಾಸಿನಲ್ಲಿ ಗುಮಾಸ್ತರಾಗಿದ್ದಾಗ ಅಂಗಡಿಯ ಬೋರ್ಡು ನೋಡಿ ಕಲಿತ ಅಕ್ಷರಗಳೇ ಆ ತೆಲುಗಿನ ಒಟ್ಟು ಆಸ್ತಿ. ಹುಡುಗ ತೆಲುಗಿನಲ್ಲಿ ಬಾಯಿ ತೆರೆದಾಗಲೆಲ್ಲ, ನಾಳೆ ರೋಗಿಗಳ ಹತ್ತಿರ ಮಾತಾಡಬೇಡವೇ, ಕನ್ನಡ ಕಲಿ ಎಂದು ಗದರಿಸಿ ಆರು ತಿಂಗಳು ದೂಡಿದ್ದರು. ಇವತ್ತು ಬೆಳಿಗ್ಗೆ ಅವನು ಗುಡಿವಾಡದಿಂದ ಅಜ್ಜಿ ಬರೆದ ಕಾಗದವನ್ನು ಮೇಜಿನ ಮೇಲಿಟ್ಟು, ಸಂಜೆ ಓದಿ ಹೇಳಿ ಅಂಕಲ್ ಎಂದು ಕಾಲೇಜಿಗೆ ಹೋಗಿದ್ದ. ಸುಳ್ಳು ಹೊರಗೆ ಬಿದ್ದರೆ ಪರ್ಕಳದಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

ಗ್ಲ್ಯಾಡಿಸ್: ಬರುವುದಿಲ್ಲ ಅಂತ ಹೇಳಿಬಿಡಿ.

ಕಜೆಟನ್: ಓದಲಿಕ್ಕೆ ಬರುತ್ತದಲ್ಲ. ಹೆಚ್ಚುಕಡಿಮೆ ನಮ್ಮದೇ ಅಕ್ಷರ. ತಲೆಕಟ್ಟಿನ ಜಾಗದಲ್ಲಿ ಮಾಸ್ಟ್ರು ಹಾಕುವ ಸರಿ ಗುರುತು, ಅಷ್ಟೆ.

ಗ್ಲ್ಯಾಡಿಸ್: ಮತ್ತೆ ಅರ್ಥ?

ಕಜೆಟನ್: ನೀನು ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ಲ್ಯಾಟಿನ್ ಹೇಳುತ್ತಿ. ಅರ್ಥ ಗೊತ್ತುಂಟಾ?

ಗ್ಲ್ಯಾಡಿಸ್: ಯಾರಿಗೆ ಗೊತ್ತಾಗಬೇಕೋ ಅವನಿಗೆ ಗೊತ್ತಾಗುತ್ತದೆ.

ಸಂಜೆ ರತ್ನಂ ಎದುರಿಗೆ ಬಂದು ಕುಳಿತ. ಕಜೆಟನ್ ಕನ್ನಡಕ ಒರೆಸಿ, ಗಂಟಲು ಸರಿಮಾಡಿ, ಪಾದ್ರಿಗಳ ರಾಗದಲ್ಲಿ ಶುರುಮಾಡಿದರು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಉಸಿರು ಮುಗಿದಲ್ಲೆಲ್ಲ ನಿಲ್ಲಿಸಿದರು. ಹುಡುಗ ಒಮ್ಮೆ ನಕ್ಕ. ಇವರೂ ಸ್ವಲ್ಪ ತಡವಾಗಿ ನಕ್ಕರು. ಆಮೇಲೆ ಅವನು ಕಣ್ಣೊರೆಸಿಕೊಂಡ. ಏನು ಅನಾಹುತವೋ ಎಂದು ಇವರ ದನಿಯೂ ಮೆತ್ತಗಾಯಿತು. ಬಾಗಿಲ ಹಿಂದೆ ಗ್ಲ್ಯಾಡಿಸ್ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ರತ್ನಂ: ಕೊನೆಯದ್ದು ಇನ್ನೊಮ್ಮೆ ಓದುತ್ತೀರಾ ಅಂಕಲ್?

ಕಜೆಟನ್: ಯಾಕೆ, ಎಲ್ಲಿ ತಪ್ಪಿತು?

ರತ್ನಂ: ತಪ್ಪಿಲ್ಲ. ಅಜ್ಜಿಯೇ ಬಂದು ಮಾತಾಡಿದ ಹಾಗಾಯಿತು. ನನಗೆ ತೆಲುಗು ಓದಲಿಕ್ಕೆ ಬರುವುದಿಲ್ಲ.

ಅವನು ಹುಟ್ಟಿ ಬೆಳೆದದ್ದು ದೂರದ ಖರಗ್‌ಪುರದಲ್ಲಂತೆ. ಅಪ್ಪನಿಗೆ ರೈಲ್ವೆ ಕೆಲಸ. ಅಲ್ಲಿ ಬೀದಿಗೆ ಬೀದಿಯೇ ತೆಲುಗರು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಬಂಗಾಳಿ. ಕಿವಿಗೆ ಬಂದ ಭಾಷೆ ಕಣ್ಣಿಗೆ ಬರಲೇ ಇಲ್ಲ. ಆಂಧ್ರದ ಗೆಳೆಯರ ಹತ್ತಿರ ಓದಿಸಿದರೆ ನಗುತ್ತಾರೆಂದೇ ತೆಲುಗು ಬಲ್ಲ ಈ ಮನೆಗೆ ಬಂದದ್ದು ಎಂದ.

ಕಜೆಟನ್ ಕನ್ನಡಕ ತೆಗೆದು ಕೆಳಗಿಟ್ಟರು. ಹುಡುಗ ಇಷ್ಟು ಹೇಳಿಕೊಂಡ ಮೇಲೆ ತಾನೂ ನಿಜ ಹೇಳಿಬಿಡುವುದೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವನೇ ಮಾತು ಮುಂದುವರಿಸಿದ.

ರತ್ನಂ: ಅಜ್ಜಿ ನಿಮ್ಮ ಬಗ್ಗೆ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂಕಲ್. ಬೇರೆ ಯಾರಾದರೂ ಆ ಸಾಲುಗಳನ್ನು ಹಾರಿಸುತ್ತಿದ್ದರು. ನೀವು ಅದನ್ನೇ ಎಷ್ಟು ಗಟ್ಟಿಯಾಗಿ ಓದಿದಿರಿ.

ತೆರೆದ ಬಾಯಿ ಹಾಗೇ ಮುಚ್ಚಿತು.

ಕಜೆಟನ್: ಹಿರಿಯರು ಬರೆದದ್ದು ಸರಿಯೇ ಇರುತ್ತದೆ ಮಾರಾಯ.

ರತ್ನಂ ಕೈಮುಗಿದು, ಕಾಗದ ಜೇಬಿಗಿಟ್ಟು ಕೋಣೆಗೆ ಹೋದ. ಕಜೆಟನ್ ಅವನ ಜೇಬನ್ನೇ ನೋಡುತ್ತ ಉಳಿದರು.

ಕಜೆಟನ್: ಎಂತ ಬರೆದಿರಬಹುದು ಗ್ಲ್ಯಾಡಿಸ್?

ಗ್ಲ್ಯಾಡಿಸ್: ಯಾರಿಗೆ ಗೊತ್ತಾಗಬೇಕೋ ಅವನಿಗೆ ಗೊತ್ತಾಯಿತಲ್ಲ. ಊಟಕ್ಕೆ ಏಳಿ.